ಬಾಗಿಲಿಲ್ಲದ ಮನೆಯ ಪಾದಗಳು

ನನ್ನ ಮೊಮ್ಮಗಳು ನಡೆದಳು! ಇವತ್ತು ಮುಂಜಾನೆ ಯಾರ ಕೈಯನ್ನೂ ಹಿಡಿಯದೆ, ಗೋಡೆಯನ್ನೂ ಹಿಡಿಯದೆ, ತನ್ನ ಎರಡೇ ಕಾಲಿನ ಮೇಲೆ ನಮ್ಮ ಆರಾಧ್ಯಾ ನಡೆದಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಬರೆಯಲು ನನ್ನ ಕೈ ಕೇಳುವುದಿಲ್ಲ. ಎರಡು ವರ್ಷ ತುಂಬುತ್ತ ಬಂದರೂ ಎದ್ದು ನಿಲ್ಲದ ಕೂಸು ಅದು. ಎಲುಬು ಗಟ್ಟಿ ಇವೆ, ಕೆಲವು ಮಕ್ಕಳು ತಡ, ಎಣ್ಣೆ ತಿಕ್ಕಿ ಕಾಲು ಆಡಿಸಿರಿ ಎಂದು ಗದಗಿನ ಡಾಕ್ಟರು ಹೇಳಿದ್ದರು. ಅವರ ಮಾತು ನನಗೆ ಸಾಕಾಗಿತ್ತು. ನನ್ನ ಸೊಸೆ ನೀಲಾಳಿಗೆ ಸಾಕಾಗಿರಲಿಲ್ಲ. ತನ್ನ ಪಾದಕ್ಕೆ ಸಣ್ಣಂದಿನಲ್ಲಿ ಆದದ್ದು ಮಗಳ ಪಾದಕ್ಕೆ ಇಳಿದು ಬಂದಿದೆ ಎಂಬ ಹೆದರಿಕೆ ಅವಳನ್ನು ಬಿಟ್ಟಿರಲಿಲ್ಲ. ಹೆರಿಗೆ ದವಾಖಾನೆಯಲ್ಲಿ ನರ್ಸು ಕೂಸಿನ ಪಾದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತುವಾಗ ಅವಳು ಗೋಡೆಯ ಕಡೆ ಹೊರಳಿ ಅತ್ತಿದ್ದಳು.

ಹಿಂದೆ ಆದದ್ದು ಏನು ಎಂಬುದನ್ನು ಹೇಳಬೇಕೆಂದರೆ ನನ್ನ ನೌಕರಿಯ ಕಥೆ ಹೇಳಬೇಕು. ನಾನು ರೋಣ ತಾಲೂಕಿನ ನಮ್ಮ ಊರಿನ ಅಂಗನವಾಡಿಯಲ್ಲಿ ನಿವೃತ್ತಿಯಾಗುವ ತನಕ ಕೆಲಸ ಮಾಡಿದವಳು. ಕಲಿತದ್ದು ಏಳನೆಯ ಇಯತ್ತೆ, ತವರು ಮೆಣಸಗಿಯ ಸಾಲೆಯಲ್ಲಿ. ಈಗ ನನ್ನ ಜಾಗಕ್ಕೆ ಸುಜಾತಾ ಎಂಬ ಹುಡುಗಿ ಬಂದಿದ್ದಾಳೆ. ಅವಳು ಡಿಗ್ರಿ ಓದಿದವಳು, ಫೋನಿನಲ್ಲೇ ಹಾಜರಿ, ಫೋನಿನಲ್ಲೇ ತೂಕ. ಮೊನ್ನೆ ಬಂದು ನನ್ನ ಕಟ್ಟೆಯ ಮೇಲೆ ಕುಳಿತು ಕೇಳಿದಳು: "ಅಕ್ಕೋರ, ಮಕ್ಕಳ ಕಡೆ ಏನರೆ ಆಟಾ ಆಡಿಸೂಣಂದ್ರ ತಾಯಂದ್ರು ಬ್ಯಾಡ ಅಂತಾರ. ತಿಳಿಸಿ ಹೇಳ್ರಿ ಅಂತ ಪುಸ್ತಕದಾಗ ಐತಿ. ತಿಳಿಸಾಕ ಹೋದ್ರ ಜಗಳಾನ ಆಗತೈತಿ. ನೀವ ಹ್ಯಾಂಗ ಮಾಡತಿದ್ರಿ?"

ಅವತ್ತು ನಕ್ಕು ಚಹಾ ಕುಡಿಸಿ ಕಳಿಸಿದೆ. ಇವತ್ತು ಉತ್ತರ ಬರೆಯುತ್ತೇನೆ. ಅವಳಂತೆ ಹೊಸದಾಗಿ ಸೇರಿದ ಉಳಿದ ಹುಡುಗಿಯರೂ ಓದಲಿ.

ಮೊದಲು ತೂಕದ ಮಾತು. ಆಗ ತೂಗುವ ಯಂತ್ರವೆಂದರೆ ತೊಲೆಗೆ ಕಟ್ಟಿದ ಒಂದು ಗುಂಡು ತಕ್ಕಡಿ. ಅದರ ಕೊಂಡಿಗೆ ಬಟ್ಟೆಯ ಚಡ್ಡಿ. ಚಡ್ಡಿಯೊಳಗೆ ಕೂಸನ್ನು ಇಳಿಬಿಟ್ಟರೆ ಮುಳ್ಳು ತಿರುಗುತ್ತದೆ. ನಾನು ಮೊದಲ ಸಲ ಕೂಸನ್ನು ತೂಗುಹಾಕಿದ ದಿನ ಅದರ ತಾಯಿ ಬಾಗಿಲಲ್ಲೇ ಬೊಬ್ಬೆ ಹೊಡೆದಳು. "ಏನವಾ, ಕುರಿ ತೂಗಿದಂಗ ತೂಗತಿ! ಎಷ್ಟಕ್ಕ ಮಾರಾಕಿ ಅದಿ ನನ್ನ ಮಗನ್ನ?" ನನ್ನ ಮಗ ಮಂಜುನಾಥ ಆಗ ಸಣ್ಣವನು, ಅವನನ್ನೇ ಎತ್ತಿ ಅದೇ ಚಡ್ಡಿಗೆ ಇಳಿಬಿಟ್ಟೆ. ಅವನು ಜೋಕಾಲಿಯೆಂದು ತಿಳಿದು ಕಾಲು ಬಡಿದು ನಕ್ಕ. ಆ ತಾಯಿ ನೋಡಿದಳು. "ಹಂಗಾರ ನನ್ನ ಮಗನ್ನೂ ಜೀಕು," ಎಂದಳು. ಅಂದಿನಿಂದ ನಾವು ತೂಕಕ್ಕೆ ಜೋಕಾಲಿ ಎಂದೇ ಹೇಳಿದೆವು.

ಇನ್ನೊಂದು ಮಧ್ಯಾಹ್ನದ ನಿದ್ದೆಯದು. ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಬೇಸಿಗೆ, ಮಾವಿನ ಹಣ್ಣಿನ ದಿನ, ನೊಣ ಎಂದರೆ ನೊಣ. ಮಕ್ಕಳನ್ನು ಸಾಲಾಗಿ ಮಲಗಿಸಿದ್ದೆವು. ನಮ್ಮ ಆಯಾ ಹನಮವ್ವ, ಭಾಳ ಅಂತಃಕರಣದ ಹೆಂಗಸು, ನೊಣ ಕೂಡಬಾರದೆಂದು ಮನೆಯಿಂದ ಬಿಳಿ ಧೋತರ ತಂದು ಮಕ್ಕಳಿಗೆ ತಲೆಯಿಂದ ಪಾದದವರೆಗೆ ಹೊದಿಸಿದಳು. ಒಬ್ಬನ ತಂದೆ ಕಿಟಕಿಯಿಂದ ಹಣಿಕಿ ನೋಡಿದ. ಒಳಗೆ ನೆರಳು, ಸದ್ದಿಲ್ಲ, ಬಿಳಿ ಅರಿವೆಯ ಕೆಳಗೆ ಸಣ್ಣ ಸಣ್ಣ ಉಬ್ಬುಗಳ ಒಂದು ಸಾಲು. ಅವನು ಕೂಗಲೂ ಇಲ್ಲ, ಕಿಟಕಿಯ ಸರಳು ಹಿಡಿದು ಹಾಗೇ ಕುಸಿದ. ನೀರು ಚಿಮುಕಿಸಿ ಎಬ್ಬಿಸಿದ ಮೇಲೆ, "ಅಕ್ಕೋರ, ಮಲಗಸ್ರಿ, ಆದ್ರ ಹಿಂಗ ಮಲಗಸಬ್ಯಾಡ್ರಿ," ಎಂದು ಕೈ ಮುಗಿದ. ಮರುದಿನ ಪ್ರತಿ ಮನೆಯಿಂದ ಒಂದೊಂದು ಬಣ್ಣದ ಕೌದಿ ತರಿಸಿದೆ. ತೂಕ ಅದೇ, ನಿದ್ದೆ ಅದೇ. ನಾವು ಒಳಗಿನಿಂದ ನೋಡುತ್ತೇವೆ, ಅವರು ಕಿಟಕಿಯಿಂದ ನೋಡುತ್ತಾರೆ. ಅಷ್ಟೇ ಫರಕು.

ಇಷ್ಟು ಕಂಡಿದ್ದವಳಿಗೂ ಪಾದದ ಆಟ ಮೊದಲು ತಿಳಿಯಲಿಲ್ಲ.

ಆಗ ನೀಲಾ ನಾಲ್ಕು ವರ್ಷದವಳು. ಹೌದು, ಈಗಿನ ನನ್ನ ಸೊಸೆ ನೀಲಾ. ಆಗ ಅವಳು ನನ್ನ ಅಂಗನವಾಡಿಯ ಮಗು, ಎಲ್ಲರಿಗಿಂತ ಚುರುಕು. ನಮ್ಮ ಮೇಲ್ವಿಚಾರಕಿಯಾಗಿ ಗಜೇಂದ್ರಗಡದಿಂದ ಹೊಸ ಮೇಡಂ ಬಂದಿದ್ದರು. ಒಳ್ಳೆಯವರು, ಬಾಯಿ ಜೋರು. ನರಗುಂದದಲ್ಲಿ ನಮಗೆಲ್ಲ ತರಬೇತಿ ಕೊಟ್ಟು ಒಂದು ಆಟ ಕಲಿಸಿದರು. ಮಗು ತನ್ನ ಪಾದದಿಂದ ನೆಲ ಅಳೆಯಬೇಕು. ಹಿಮ್ಮಡಿಗೆ ಬೆರಳು ತಾಗಿಸುತ್ತ ಒಂದರ ಮುಂದೆ ಒಂದು ಪಾದ ಇಡಬೇಕು. ಒಂಬತ್ತು ಪಾದ ಉದ್ದ, ತಿರುಗಿ ಐದು ಪಾದ ಅಗಲ, ಮತ್ತೆ ಒಂಬತ್ತು, ಮತ್ತೆ ಐದು. ನಾವು ಪಾದದ ಸುತ್ತ ಗೆರೆ ಎಳೆಯಬೇಕು. ಚೌಕ ಮುಗಿದ ಮೇಲೆ ಅದು ಆ ಮಗುವಿನ ಮನೆ. ಮಗು ಅದರೊಳಗೆ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಸುಮ್ಮನೆ ಕೂಡಬೇಕು. ಎಣಿಕೆಯೂ ಬಂತು, ಶಿಸ್ತೂ ಬಂತು ಎಂದರು ಮೇಡಂ.

ಸೀಮೆಸುಣ್ಣ ತೀರಿತ್ತು. ಎಲೆಗೆ ಹಚ್ಚುವ ಸುಣ್ಣವನ್ನೇ ನೀರಿನಲ್ಲಿ ಕಲಸಿ, ಕಡ್ಡಿಗೆ ಅರಳೆ ಸುತ್ತಿ ನಾನೂ ಹನಮವ್ವನೂ ಗೆರೆ ಎಳೆದೆವು. ನಮ್ಮ ಕೋಣೆಗೆ ಕಡಪಾ ಕಲ್ಲಿನ ಕಪ್ಪು ನೆಲ. ಬಿಳಿ ಪಾದಗಳು ಏನು ಚೆಂದ ಕಂಡವು! ಮೊದಲ ಮನೆ ನೀಲಾಳದು.

ಅವಳನ್ನು ಕರೆದೊಯ್ಯಲು ಅವಳ ಅಜ್ಜ ಫಕೀರಪ್ಪಜ್ಜ ಬಂದರು. ಬಾಗಿಲಿಗೆ ಬಂದವರು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತುಬಿಟ್ಟರು. ಮಕ್ಕಳೆಲ್ಲ ತಮ್ಮ ತಮ್ಮ ಚೌಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅಜ್ಜನ ತುಟಿ ಆಡುತ್ತಿತ್ತು. ಅವರು ಪಾದಗಳನ್ನು ಎಣಿಸುತ್ತಿದ್ದರು.

"ಅಕ್ಕೋರ," ಎಂದರು, "ಈ ಲೆಕ್ಕಾ ನಿಮಗ ಯಾರು ಕೊಟ್ಟರು?"

"ಮೇಡಂ ಕಲಿಸ್ಯಾರ್ರಿ ಅಜ್ಜಾರ. ಮನಿ ಆಟ."

"ಇದು ಮನಿ ಅಲ್ಲವಾ ತಾಯಿ. ಇದು ಕುಣಿ."

ಫಕೀರಪ್ಪಜ್ಜ ನಮ್ಮ ಊರಲ್ಲಿ ಕುಣಿಗೆ, ಅಂದರೆ ಹೆಣ ಹೂಳುವ ಗುಂಡಿಗೆ, ಅಳತೆ ಕೊಡುವವರು. ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುವ ಪದ್ಧತಿ ನಮ್ಮದು. ಸತ್ತವರ ಪಾದದ ಅಳತೆಯನ್ನು ಅಜ್ಜ ಕಡ್ಡಿಗೆ ತೆಗೆದುಕೊಂಡು ಹೋಗಿ, ಆ ಪಾದದಲ್ಲೇ ಉದ್ದ ಒಂಬತ್ತು, ಅಗಲ ಐದು ಗುರುತು ಹಾಕಿದ ಮೇಲೆ ಗುದ್ದಲಿ ಬೀಳುವುದು. ಇದು ಗಂಡಸರ ಕೆಲಸ. ನಮ್ಮ ಮನೆತನದ ಹೆಣ್ಣುಮಕ್ಕಳು ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗದವರಿಗೆ ಹೇಗೆ ಗೊತ್ತಾಗಬೇಕು? ಮೇಡಂ ಬೇರೆ ಪದ್ಧತಿಯ ಮನೆಯವರು. ಸಣ್ಣ ಪಾದಕ್ಕೆ ಸರಿಯಾಗಿ ಕೂಡುವಷ್ಟು ಜಾಗವೆಂದು ಅವರು ಇಟ್ಟ ಲೆಕ್ಕ, ಅಜ್ಜ ಜೀವಮಾನವೆಲ್ಲ ಇಟ್ಟ ಲೆಕ್ಕಕ್ಕೆ ಹೋಗಿ ಕೂತಿತ್ತು.

"ಇಲ್ಲೀತನಕ ನಾ ಜೀವ ಇದ್ದವರ ಪಾದಾ ಅಳದಿಲ್ಲ," ಎಂದು ಅಜ್ಜ ಚೌಕದೊಳಗೆ ಕಾಲಿಡದೆ ಹೊರಗಿನಿಂದಲೇ ಬಾಗಿ ನೀಲಾಳನ್ನು ಎತ್ತಿಕೊಂಡರು. ಅವಳ ಪಾದ ತಮ್ಮ ಮೈಗೆ ತಾಗದ ಹಾಗೆ ಅವರು ದೂರ ಹಿಡಿದುಕೊಂಡು ಹೋದದ್ದು ನನಗೆ ಕಂಡಿತು.

ನಾನೂ ಹನಮವ್ವನೂ ನೆಲ ತೊಳೆದೆವು. ನೀರು ಬಿದ್ದ ಕೂಡಲೇ ಪಾದಗಳು ಮಾಯವಾದವು. ಸಮಾಧಾನವಾಯಿತು. ಬೀಗ ಹಾಕುವ ಮೊದಲು ತಿರುಗಿ ನೋಡಿದರೆ ನೆಲ ಒಣಗುತ್ತಿತ್ತು, ಒಣಗಿದಲ್ಲೆಲ್ಲ ಪಾದಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಹನಮವ್ವ ನನ್ನ ಸೆರಗು ಹಿಡಿದುಕೊಂಡಳು. "ಅಕ್ಕಾ, ಯಾರೋ ನಡದಂಗ ಆಗಾಕತ್ತೈತಿ ನೋಡ." ಸುಣ್ಣ ಕಲ್ಲಿನೊಳಗೆ ಇಳಿದಿತ್ತು, ಹಸಿಯಾದರೆ ಕಾಣದು, ಒಣಗಿದರೆ ಕಾಣುವುದು. ಇದು ಈಗ ಹೇಳುವ ಮಾತು. ಆಗ ನಾವಿಬ್ಬರೂ ಬೀಗ ಹಾಕಿ ಓಡಿದೆವು. ಮರುದಿನ ಹುಣಸೆಹಣ್ಣು ಹಾಕಿ ತಿಕ್ಕಿದೆವು. ಉಳಿದ ಮಕ್ಕಳ ಮನೆಗಳು ಮಸುಕಾದವು. ನೀಲಾಳ ಮನೆ ಮಾತ್ರ ಹೋಗಲಿಲ್ಲ.

ಅಷ್ಟರಲ್ಲಿ ಅವಳಿಗೆ ಜ್ವರ ಬಂದಿತ್ತು.

ಊರು ಅಂದ ಮೇಲೆ ಮಾತು ನಿಲ್ಲುತ್ತದೆಯೇ? ಒಂದು ಮಗುವೂ ಅಂಗನವಾಡಿಗೆ ಬರಲಿಲ್ಲ. ಹನಮವ್ವ ಕುದಿಸಿದ ಅನ್ನ ಹಾಗೇ ಉಳಿಯಿತು. ನಾನು ಬಾಗಿಲಲ್ಲಿ ಕುಳಿತು ಕಾಯುವುದು, ನನ್ನ ಬೆನ್ನ ಹಿಂದೆ ಆ ಖಾಲಿ ಕೋಣೆ. ಒಳಗಿನಿಂದ ಯಾರೋ ನನ್ನ ಬೆನ್ನು ನೋಡುತ್ತಿದ್ದಾರೆ ಅನ್ನಿಸಿ ನಾನು ಕಟ್ಟೆ ಬಿಟ್ಟು ಬೇವಿನ ಗಿಡದ ಕೆಳಗೆ ಹೋಗಿ ಕೂಡುತ್ತಿದ್ದೆ.

ಮೇಡಂ ಬಂದರು, ಜನರನ್ನು ಕೂಡಿಸಿದರು. "ಇದೆಲ್ಲಾ ಮೂಢನಂಬಿಕಿ. ನೋಡ್ರಿ, ನಾನ ಅಳದು ಕೂಡತೇನಿ," ಎಂದು ಚಪ್ಪಲಿ ಬಿಟ್ಟು ತಮ್ಮ ಪಾದದಿಂದ ಅಳೆಯತೊಡಗಿದರು. ಯಾರೋ ಮುದುಕಿ, "ತಂಗಿ, ನಿನಗ ಸಣ್ಣ ಮಕ್ಕಳ ಅದಾವಿಲ್ಲೋ?" ಎಂದು ಕೇಳಿದಳು, ಅಷ್ಟೇ. ಮೇಡಂ ಕೊನೆಯ ಮೂಲೆಯಲ್ಲಿ ನಿಂತರು. ಕೂಡಲಿಲ್ಲ. ಹೊರಗೆ ಬಂದು, "ಶಾಂತವ್ವಾ, ನೀನ ಏನರೆ ಮಾಡು, ಮಕ್ಕಳು ಬರೂಹಂಗ ಮಾಡು," ಎಂದು ಬಸ್ಸು ಹಿಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗಿಯರೇ, ಹೆದರಿದವರ ಮುಂದೆ ನಮ್ಮ ಧೈರ್ಯ ತೋರಿಸಿದರೆ ಅವರ ಹೆದರಿಕೆ ಹೋಗುವುದಿಲ್ಲ. ಅದು ನಮಗೂ ಹತ್ತುತ್ತದೆ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನೀಲಾಳ ಮನೆಗೆ ಹೋದೆ. ರೋಣದ ದವಾಖಾನೆಯ ಔಷಧಿ ನಡೆದಿತ್ತು, ಜ್ವರ ಇಳಿದಿರಲಿಲ್ಲ. ಮರುದಿನ ಮುಂಜಾನೆ ಜೀಪು ಮಾಡಿ ಗದಗಿಗೆ ಒಯ್ಯುವವರಿದ್ದರು. ಅವಳ ತಾಯಿ ಗಂಗವ್ವ ನನ್ನನ್ನು ಕಂಡು ಎದ್ದು ನಿಂತಳು.

"ಬಂದಿಯೇನ? ಬಾ, ನೋಡು. ನಿನ್ನ ಆಟಾ ಇನ್ನೂ ಆಡಾಕತ್ತೈತಿ ನನ್ನ ಕೂಸು."

ಕೌದಿಯ ಕೆಳಗೆ ನೀಲಾಳ ಪಾದಗಳು ಆಡುತ್ತಿದ್ದವು. ಒಂದರ ಮುಂದೆ ಒಂದು, ಹಿಮ್ಮಡಿಗೆ ಬೆರಳು. ಕಣ್ಣು ಮುಚ್ಚಿದ್ದವು. ಬಾಯಿಯಲ್ಲಿ ಎಣಿಕೆ. ಒಂದು, ಎರಡು, ಮೂರು, ಒಂಬತ್ತರ ತನಕ. ಅಲ್ಲಿ ಒಂದು ಕ್ಷಣ ನಿಲ್ಲುವಳು, ಮಗ್ಗುಲಾಗುವಳು, ಮತ್ತೆ ಒಂದರಿಂದ ಐದು. ಮತ್ತೆ ಮಗ್ಗುಲು. ಮತ್ತೆ ಒಂಬತ್ತು. ನಾನು ಹಣೆಯ ಮೇಲೆ ಕೈ ಇಟ್ಟೆ. ಕಣ್ಣು ತೆರೆಯದೆ ಅವಳು ಕೇಳಿದಳು:

"ಅಕ್ಕೋರ, ಬಾಗಲಾ ಎಲ್ಲೈತ್ರಿ?"

ಮೂಲೆಯಲ್ಲಿ ಮೊಣಕಾಲಿಗೆ ತಲೆಯಿಟ್ಟು ಕುಳಿತಿದ್ದ ಫಕೀರಪ್ಪಜ್ಜ ತಲೆ ಎತ್ತಿದರು.

ನನಗೆ ಜ್ವರದ ಬಡಬಡಿಕೆ ಗೊತ್ತು, ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜನ ಎದುರು ಕುಳಿತು ಕೇಳಿದೆ: "ಅಜ್ಜಾರ, ನನಗ ತಿಳೀವಲ್ದು. ನಿಮಗ ಏನ ಕಾಣಸಾಕತ್ತೈತಿ, ಅದನ್ನ ನನಗ ಹೇಳ್ರಿ."

ಅಜ್ಜ ನೆಲದ ಮೇಲೆ ಬೆರಳಿನಿಂದ ಚೌಕ ಬರೆದರು. "ಕುಣಿಗೆ ಬಾಗಲಾ ಇರಂಗಿಲ್ಲ. ನೀವೂ ಇಟ್ಟಿಲ್ಲ. ಮನಿ ಅಂದೀರಿ, ಬಾಗಲಾ ಇಡೂದ ಮರತೀರಿ. ಕೂಸು ಒಳಗ ಸುತ್ತಾಕತ್ತೈತಿ."

"ಹಂಗಾರ ಬಾಗಲಾ ಇಡೂಣ್ರಿ."

"ಇಡೂದು ಅಂದ್ರ?"

"ದೀಪಾವಳಿಗೆ ಲಕ್ಷ್ಮೀ ಪಾದಾ ಹೊರಗಿಂದ ಒಳಗ ಬರೀತೀವಲ್ರಿ. ಈ ಪಾದಾ ಒಳಗಿಂದ ಹೊರಗ ಬರೀರಿ. ನಿಮ್ಮ ಕೈಲೇನ ಬರೀರಿ."

ಗಂಗವ್ವ ಬಾಯಿಗೆ ಸೆರಗು ಹಿಡಿದಳು. "ಮಾವಾರ ಕೈಲೇ ಬ್ಯಾಡ! ಅವರು ಅಳಿಯೂದ ಸತ್ತವರಿಗೆ!"

ಅಜ್ಜ ಎದ್ದರು. "ಅದಕ್ಕಽ ನನ್ನ ಕೈಲೇ ಆಗಬೇಕವಾ ಗಂಗಾ. ಬ್ಯಾರೇದವರ ಅಳಿಸಿದ್ರ ಅಳಸತೈತೇನು?"

ಮುಂಜಾನೆ ಊರು ಏಳುವ ಹೊತ್ತಿಗೆ ಅಜ್ಜ ಅಂಗನವಾಡಿಯಲ್ಲಿದ್ದರು. ಕೈಯಲ್ಲಿ ನೀಲಾಳ ಒಂದು ಜೊತೆ ಚಪ್ಪಲಿ. ಪಾದ ಮುಟ್ಟಲು ಅವರಿಗೆ ಧೈರ್ಯವಿರಲಿಲ್ಲ. ನಾನು ಸುಣ್ಣ ಹಿಡಿದೆ. ಚೌಕದ ಒಂದು ಗೆರೆಯನ್ನು ಅವರು ಹೆಬ್ಬೆರಳಿನಿಂದ ಒರೆಸಿ ದಾರಿ ಬಿಡಿಸಿದರು. ಅಲ್ಲಿಂದ ಚಪ್ಪಲಿ ಇಟ್ಟು ಗೆರೆ ಎಳೆಯುತ್ತ ಹೊಸ್ತಿಲು ದಾಟಿ, ಕಟ್ಟೆ ಇಳಿದು, ಓಣಿಗೆ ಬಂದರು. ಮಣ್ಣಿನ ಓಣಿಯಲ್ಲಿ ಸುಣ್ಣ ನಿಲ್ಲದು, ಚಪ್ಪಲಿ ಒತ್ತಿ ಗುರುತು ಮಾಡಿದರು. ಎಣಿಸಲಿಲ್ಲ. ನಾನು ಲಕ್ಷ್ಯ ಕೊಟ್ಟು ಕೇಳಿದೆ, ಅವರು ಎಣಿಸುತ್ತಿರಲಿಲ್ಲ. ಬಾಗಿಲುಗಳು ತೆರೆದವು, ಜನ ಕಟ್ಟೆಯ ಮೇಲೆ ನಿಂತು ನೋಡಿದರು. ಆ ಮುದುಕ ಬಗ್ಗಿ ಬಗ್ಗಿ ಬರುವಾಗ ಅವರ ಮುಂದೆ ಕಾಣದ ಕೂಸೊಂದು ನಡೆದು ಬರುತ್ತಿದೆ ಅನ್ನಿಸುತ್ತಿತ್ತು. ನಾಯಿಗಳು ಕೂಡ ಆ ಗುರುತು ದಾಟದೆ ಬದಿಗೆ ಸರಿದವು.

ಪಾದಗಳು ನೀಲಾಳ ಮನೆಯ ಮುಂದೆ ನಿಂತಿದ್ದ ಜೀಪಿನ ತನಕ ಹೋದವು. ನೀಲಾಳನ್ನು ಎತ್ತಿ ಒಳಗೆ ಮಲಗಿಸಿದರು. ಕೌದಿಯ ಕೆಳಗೆ ಪಾದಗಳು ಆಡುವುದು ನಿಂತಿತ್ತು. ಗಂಗವ್ವ ಅದನ್ನು ನೋಡಿ ಕಿರುಚಿದಳು. ಅಜ್ಜ ಕೂಸಿನ ಮೂಗಿನ ಹತ್ತಿರ ಕೈ ಹಿಡಿದು, "ನಿದ್ದಿ ಹತ್ತೇತಿ. ಲಗೂ ನಡೀರಿ," ಎಂದರು.

ಗದಗಿನವರು ಸೂಜಿ, ಬಾಟಲಿ ಎಲ್ಲ ಹಚ್ಚಿದರು. ಟೈಫಾಯ್ಡ್ ಎಂದರು. ಔಷಧಿಯಿಂದಲೇ ಗುಣವಾಯಿತು, ಯಾರು ಕೇಳಿದರೂ ನಾನು ಹಾಗೇ ಹೇಳುತ್ತೇನೆ. ತಡಮಾಡದೆ ದವಾಖಾನೆಗೆ ಒಯ್ಯಿರಿ ಎಂದು ತಾಯಂದಿರಿಗೆ ಹೇಳುವುದೇ ನನ್ನ ಕೆಲಸವಾಗಿತ್ತು. ಆದರೆ ನೀಲಾ ತಿರುಗಿ ಬಂದ ಮೇಲೆ ನನಗೊಂದು ಮಾತು ಹೇಳಿದಳು. ಕೇಳಬೇಕೆಂದು ಕೇಳಿದ್ದಲ್ಲ, ಹೂವು ಕೊಡುತ್ತ ಹಾಗೇ ಹೇಳಿದಳು. "ಅಕ್ಕೋರ, ಅಜ್ಜ ನನ್ನ ಚಪ್ಪಲ್ ಬಾಗಲದಾಗ ಇಟ್ಟಿದ್ರಿ. ಅದಕ ನಾ ಹೊರಗ ಬಂದ್ನಿ." ಅವಳಿಗೆ ಯಾರೂ ಹೇಳಿರಲಿಲ್ಲ ಎಂದು ಗಂಗವ್ವ ಆಣೆ ಇಟ್ಟಳು. ಯಾರಾದರೂ ಹೇಳಿದ್ದಾರು, ಮಕ್ಕಳ ಕಿವಿ ಎಲ್ಲೆಲ್ಲೋ ಇರುತ್ತದೆ. ನನಗೆ ಗೊತ್ತಿಲ್ಲ.

ನೀಲಾಳನ್ನು ಕಂಡು ಉಳಿದ ಮಕ್ಕಳೂ ಬಂದರು. ನಾನು ಮನೆ ಆಟ ಬಿಡಲಿಲ್ಲ. ಪಾದದಿಂದ ಅಳೆಯುವುದನ್ನು ಮಾತ್ರ ಬಿಟ್ಟೆ, ಜೋಳದ ದಂಟಿನ ಬೆಂಡು ಕಡ್ಡಿಯಿಂದ ಅಳೆಸಿದೆ, ಲೆಕ್ಕ ಮಕ್ಕಳಿಗೇ ಬಿಟ್ಟೆ. ಮೊದಲು ಬಾಗಿಲು ಬರೆಯಬೇಕು, ಆಮೇಲೆ ಗೋಡೆ. ಹೊಸ ಆಟ ಬಂದರೆ ಮೊದಲು ಊರಿನ ಇಬ್ಬರು ಹಿರಿಯರ ಮುಂದೆ ಆಡಿಸಿ ತೋರಿಸಿ, "ನಿಮಗ ಏನ ಕಾಣಸತೈತ್ರಿ?" ಎಂದು ಕೇಳುವುದು ರೂಢಿಯಾಯಿತು. ಸುಜಾತಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೊಂದೇ.

ಒಂದು ಮಾತು ಉಳಿಯಿತು. ನೀಲಾ ಆ ಕೋಣೆಯಲ್ಲಿ ಮತ್ತೆ ಕೂಡಲಿಲ್ಲ. ಹೊಸ್ತಿಲಲ್ಲಿ ಕುಳಿತೇ ಹಾಡಿದಳು, ಹೊಸ್ತಿಲಲ್ಲಿ ಕುಳಿತೇ ಉಂಡಳು. ನಾನು ಒತ್ತಾಯ ಮಾಡಲಿಲ್ಲ. ದೊಡ್ಡವಳಾಗಿ ನಮ್ಮ ಮಂಜುನಾಥನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೂ ಅವಳು ಆ ಹೊಸ್ತಿಲು ದಾಟಿರಲಿಲ್ಲ. ಅಜ್ಜನೂ ಅಂದಿನಿಂದ ಯಾವ ಕೂಸಿನ ಪಾದವನ್ನೂ ಮುಟ್ಟಿರಲಿಲ್ಲ. ಆರಾಧ್ಯಾ ಹುಟ್ಟಿದಾಗಲೂ ನೆತ್ತಿಯ ಮೇಲೆ ಕೈಯಿಟ್ಟು ಹರಸಿದರು, ಅಷ್ಟೇ.

ಇವತ್ತು ಮುಂಜಾನೆ ಆರಾಧ್ಯಾಳನ್ನು ಎತ್ತಿಕೊಂಡು ಅಂಗನವಾಡಿಗೆ ಹೋದೆ, ದಿನಾ ಹೋಗುತ್ತೇನೆ. ನೀಲಾ ಜೊತೆಗೆ ಬಂದವಳು ಎಂದಿನಂತೆ ಕಟ್ಟೆಯ ಮೇಲೆ ಉಳಿದಳು. ಸುಜಾತಾ ಆಗಷ್ಟೇ ನೆಲ ತೊಳೆಸಿದ್ದಳು. ನಾನು ಕೂಸನ್ನು ಒಳಗೆ ಕೂಡಿಸಿ ಮಾತಿಗೆ ನಿಂತೆ. ನೆಲ ಒಣಗತೊಡಗಿತು.

ಚೌಕಗಳು ಎಂದೋ ಅಳಿಸಿ ಹೋಗಿವೆ. ಅಜ್ಜ ಬರೆದ ಸಾಲು ಮಾತ್ರ, ಒಳಗಿನಿಂದ ಹೊಸ್ತಿಲಿನ ತನಕ, ಇನ್ನೂ ಇದೆ. ಸುಣ್ಣ ಅದೇ, ಕಲ್ಲು ಅದೇ. ಅದು ಹೋಗಿ ಇದು ಯಾಕೆ ಉಳಿಯಿತೋ. ಒಂದೊಂದಾಗಿ ಪಾದಗಳು ಎದ್ದವು. ಸುಜಾತಾ ಮಾತು ನಿಲ್ಲಿಸಿದಳು. ನಾನು ತಿರುಗಿ ನೋಡಿದರೆ ಆರಾಧ್ಯಾ ಎರಡೂ ಅಂಗೈ ಊರಿ ನೆಲದಿಂದ ಹಿಂಭಾಗ ಎತ್ತುತ್ತಿದ್ದಳು. ನಿಂತಳು. ಜೋಲಿ ಹೊಡೆದಳು. ಮೊದಲ ಬಿಳಿ ಪಾದದೊಳಗೆ ತನ್ನ ಪಾದ ಇಟ್ಟಳು. ಅದು ಅವಳಿಗೆ ದೊಡ್ಡದು. ಎರಡನೆಯದರಲ್ಲಿ ಇನ್ನೊಂದು ಪಾದ. ಯಾರೋ ಬೆರಳು ಹಿಡಿದು ನಡೆಸುವ ಹಾಗೆ ಅವಳ ಒಂದು ಕೈ ಮೇಲೆತ್ತಿತ್ತು. ಆ ಕೈಯ ಹತ್ತಿರ ಯಾರೂ ಇರಲಿಲ್ಲ. ನಾನು ಓಡಲಿಲ್ಲ, ಕೂಗಲಿಲ್ಲ.

ಹೊಸ್ತಿಲಿನ ಆಚೆ ನೀಲಾ ಮಂಡಿಯೂರಿ ಎರಡೂ ಕೈ ಚಾಚಿದ್ದಳು. ಮುಖ ಬಿಳಿಚಿತ್ತು. "ಬಾ," ಎಂದಳು, "ಬಾ ನನ್ನವ್ವಾ, ಹೊರಗ ಬಾ." ಹೊಸ್ತಿಲಿಗೆ ಬಂದು ಕೂಸು ಎಡವಿತು. ನೀಲಾ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ ಒಳಗೆ ಬಂದು ಹಿಡಿದಳು. ಹಿಡಿದುಕೊಂಡು ಒಳಗೇ ಕುಳಿತುಬಿಟ್ಟಳು, ಆ ಪಾದಗಳ ಮೇಲೆಯೇ. ತಾನು ಎಲ್ಲಿ ಕುಳಿತಿದ್ದೇನೆ ಎಂಬುದು ತಿಳಿದ ಮೇಲೂ ಏಳಲಿಲ್ಲ.

ಸಂಜೆ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕುಳಿತೆವು. ಗೋಧಿ ಬೆಲ್ಲದ ಮಾದ್ಲಿ, ತುಪ್ಪ, ರೊಟ್ಟಿ, ಎಣ್ಣೆಗಾಯಿ. ಗಂಗವ್ವ ಬಂದಿದ್ದಳು, ಮಂಜುನಾಥ ಅಂಗಡಿ ಲಗೂ ಮುಚ್ಚಿ ಬಂದಿದ್ದ. ಕಣ್ಣು ಪೂರಾ ಮಂಜಾದ ಫಕೀರಪ್ಪಜ್ಜನನ್ನು ಕೈ ಹಿಡಿದು ಕರೆತಂದು ನಡುವೆ ಕೂಡಿಸಿದ್ದೆವು. ನಡೆಯಲು ಕಲಿತ ಕೂಸು ಕೂಡುತ್ತದೆಯೇ? ಎಲ್ಲರ ತಾಟು ಸುತ್ತಿ ಬಂದು ಅಜ್ಜನ ತೊಡೆಯ ಮೇಲೆ ಬಿತ್ತು. ಅದರ ಪಾದ ನೇರ ಅವರ ಅಂಗೈಯೊಳಗೆ ಬಂತು.

ಅಜ್ಜ ಕಲ್ಲಾದರು. ನೀಲಾಳ ಕೈಯಲ್ಲಿ ತುತ್ತು ಹಾಗೇ ಉಳಿಯಿತು. ಅಜ್ಜನ ಹೆಬ್ಬೆರಳು ಮೆಲ್ಲಗೆ ಹಿಮ್ಮಡಿಯಿಂದ ಹೊರಟಿತು, ಪಾದದ ಉದ್ದಕ್ಕೂ ಸರಿದು ಬೆರಳ ತುದಿಗೆ ಮುಟ್ಟಿತು. ಅಲ್ಲಿ ನಿಲ್ಲಲಿಲ್ಲ. ತುದಿ ದಾಟಿ ಗಾಳಿಯಲ್ಲಿ ಇನ್ನೊಂದು ಬೆರಳಗಲ ಮುಂದೆ ಹೋಯಿತು.

"ಅಳಿಯಾರ," ಎಂದರು ಮಂಜುನಾಥನಿಗೆ, "ನಾಳೆ ರೋಣಕ್ಕ ಹೋಗಿ ಇದಕ್ಕ ಚಪ್ಪಲ್ ತರ್ರಿ. ಒಂದ ಬಟ್ಟ ದೊಡ್ಡೂವ ತರ್ರಿ. ಬೆಳಿಯೂ ಕಾಲಿಗೆ ಅಳತಿ ಬರೋಬ್ಬರಿ ಇರಬಾರದು."

ನೀಲಾ ಕೈಯಲ್ಲಿದ್ದ ತುತ್ತನ್ನು ಅಜ್ಜನ ಬಾಯಿಗೆ ಇಟ್ಟಳು. "ಉಣ್ಣಜ್ಜಾ, ರೊಟ್ಟಿ ಆರಾಕತ್ತಾವು," ಎಂದಳು. ಗಂಗವ್ವ ಎಲ್ಲರಿಗೂ ಎರಡನೆಯ ಸಲ ಮಾದ್ಲಿ ಬಡಿಸಿದಳು. ನಾವೆಲ್ಲ ಉಂಡೆವು.